ಹಾಯಿದೋಣಿಯ ಪ್ರೊಪೆಲ್ಲರ್‌ಗೆ ಚಿಪ್ಪು ಹತ್ತದಂತೆ

ಗಾಳಿ ಬಿದ್ದಿದೆ. ಹಾಯಿ ಇಳಿಸಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದರೂ ದೋಣಿ ಕದಲುತ್ತಿಲ್ಲ. ಹೊಗೆಕೊಳವೆಯಲ್ಲಿ ಕಪ್ಪು ಹೊಗೆ, ಕಾಲಡಿಯ ಹಲಗೆಯಲ್ಲಿ ನಡುಕ. ಮೆಕ್ಯಾನಿಕ್ ಬಂದು ಡೀಸೆಲ್ ಫಿಲ್ಟರ್ ಬದಲಿಸಿದರೂ ಅದೇ ಪಾಡು. ಕೊನೆಗೆ ಒಬ್ಬರು ಕನ್ನಡಕ ಹಾಕಿಕೊಂಡು ದೋಣಿಯ ಹಿಂಬದಿಯಲ್ಲಿ ಮುಳುಗಿ ನೋಡಿದಾಗ ಗುಟ್ಟು ರಟ್ಟಾಗುತ್ತದೆ. ಪ್ರೊಪೆಲ್ಲರ್‌ನ ರೆಕ್ಕೆಗಳ ಅಂಚೇ ಕಾಣದಷ್ಟು ಬಿಳಿ ಚಿಪ್ಪುಗಳು ಮುತ್ತಿಕೊಂಡಿವೆ. ಶಾಫ್ಟ್ ತನ್ನ ದಪ್ಪದ ಎರಡರಷ್ಟಾಗಿದೆ.

ಹಾಯಿದೋಣಿ ಇಟ್ಟುಕೊಂಡವರಲ್ಲಿ ಈ ಅನುಭವ ಆಗದವರು ಕಡಿಮೆ. ಅದಕ್ಕೆ ಕಾರಣವೂ ಇದೆ. ಮಲ್ಪೆ, ಮಂಗಳೂರಿನ ಮೀನುಗಾರಿಕಾ ಬೋಟಿನ ‘ಫ್ಯಾನ್’ ಋತುವಿನುದ್ದಕ್ಕೂ ತಿರುಗುತ್ತಲೇ ಇರುತ್ತದೆ, ಚಿಪ್ಪು ನೆಲೆಯೂರಲು ಬಿಡುವು ಸಿಗುವುದಿಲ್ಲ. ಹಾಯಿದೋಣಿಯ ಪ್ರೊಪೆಲ್ಲರ್‌ಗೆ ಕೆಲಸ ಬೀಳುವುದು ಬಂದರು ಬಿಡುವಾಗ, ಬಂದರು ಸೇರುವಾಗ ಮಾತ್ರ. ಉಳಿದ ದಿನವೆಲ್ಲ ಅದು ಬೆಚ್ಚಗಿನ ಉಪ್ಪುನೀರಿನಲ್ಲಿ ಸುಮ್ಮನೆ ನಿಂತಿರುತ್ತದೆ. ದೋಣಿಯ ತಳಕ್ಕೆ ವರ್ಷವರ್ಷವೂ ತಪ್ಪದೆ ಬಣ್ಣ ಬಳಿಯುವವರು ಕೂಡ ಪ್ರೊಪೆಲ್ಲರ್ ಮತ್ತು ಶಾಫ್ಟನ್ನು ಬರಿದಾಗಿ ಬಿಟ್ಟುಬಿಡುತ್ತಾರೆ.

ಅಂಟುವುದು ಯಾರು, ಹೇಗೆ?

ಲೋಹ ನೀರಿಗಿಳಿದ ಕೆಲವೇ ಗಂಟೆಗಳಲ್ಲಿ ಅದರ ಮೇಲೆ ಬ್ಯಾಕ್ಟೀರಿಯಾಗಳ ತೆಳು ಲೋಳೆ ಕಟ್ಟುತ್ತದೆ. ಅದರ ಹಿಂದೆ ಪಾಚಿ, ಆಮೇಲೆ ಬಾರ್ನಕಲ್, ಕೊಳವೆಹುಳು, ಪಚ್ಚಿಲೆ ಬರುತ್ತವೆ. ಇವುಗಳಲ್ಲಿ ಹಠಮಾರಿ ಎಂದರೆ ಬಾರ್ನಕಲ್. ಚಿಪ್ಪು ಇದೆ ಎಂದು ಅದನ್ನು ಮರುವಾಯಿಯ ಬಳಗ ಎಂದುಕೊಳ್ಳುವವರು ಬಹಳ, ಆದರೆ ಅದು ಏಡಿ, ಸಿಗಡಿಯ ಕುಲದ್ದು. ಅದರ ಮರಿ ನೀರಿನಲ್ಲಿ ತೇಲುತ್ತ ಬಂದು, ಜಾಗ ಹಿಡಿಸಿದರೆ ತಲೆಯ ಕಡೆಯಿಂದ ಅಂಟು ಸುರಿಸಿ ಜನ್ಮಕ್ಕೆಲ್ಲ ಅಲ್ಲೇ ಕೂರುತ್ತದೆ. ಸುತ್ತ ಸುಣ್ಣದ ಗೋಡೆ ಕಟ್ಟಿಕೊಂಡು, ಕಾಲುಗಳನ್ನು ಹೊರಚಾಚಿ ಆಹಾರ ಬಾಚಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಈ ಒಂದು ಜೀವಿಯ ಅಧ್ಯಯನಕ್ಕೇ ಕೂತಿದ್ದರು.

ಇದು ದೋಣಿಯ ವೇಗವನ್ನು ಎಷ್ಟು ತಿನ್ನಬಲ್ಲದು ಎಂಬುದಕ್ಕೆ 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆ ಸಾಕ್ಷಿ. ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಆ ಸ್ಪರ್ಧೆಯಲ್ಲಿ ಗೆದ್ದ ಫ್ರಾನ್ಸಿನ ಜಾನ್-ಲೂಕ್ ವಾನ್ ಡೆನ್ ಹೀಡ್ 212 ದಿನಗಳಲ್ಲಿ ಮರಳಿದರು. ದೋಣಿಯ ತಳಕ್ಕೆಲ್ಲ ಬಾರ್ನಕಲ್ ಹತ್ತಿದ ಫಿನ್ಲೆಂಡಿನ ತಾಪಿಯೊ ಲೆಹ್ತಿನೆನ್ ದಡ ಮುಟ್ಟಿದ್ದು 322 ದಿನಗಳ ಮೇಲೆ. ಇನ್ನು ಪ್ರೊಪೆಲ್ಲರ್‌ನ ವಿಚಾರದಲ್ಲಿ ಇಡೀ ತಳಕ್ಕೆ ಹತ್ತಬೇಕಾಗಿಯೂ ಇಲ್ಲ. ರೆಕ್ಕೆಯ ಬಾಗು ಕೆಟ್ಟರೆ ಅದು ನೀರನ್ನು ಹಿಂದಕ್ಕೆ ತಳ್ಳುವ ಬದಲು ಕಲಕಲು ತೊಡಗುತ್ತದೆ.

ಸತು ಕಟ್ಟಿದರೆ ಸಾಲದು

ಪ್ರೊಪೆಲ್ಲರ್ ಕಂಚಿನದು, ಕಂಚಿನಲ್ಲಿ ತಾಮ್ರವಿದೆ, ತಾಮ್ರ ಕಡಲ ಜೀವಿಗಳಿಗೆ ವಿಷ. ಹಾಗಿದ್ದ ಮೇಲೆ ಚಿಪ್ಪು ಹತ್ತುವುದೇಕೆ? ಉತ್ತರಕ್ಕೆ ಇನ್ನೂರು ವರ್ಷ ಹಿಂದೆ ಹೋಗಬೇಕು.

ಬ್ರಿಟಿಷ್ ನೌಕಾಪಡೆ 1761ರಲ್ಲಿ ಎಚ್‌ಎಂಎಸ್ ಅಲಾರ್ಮ್ ಎಂಬ ಹಡಗಿನ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿತು. ಎರಡು ವರ್ಷದ ನಂತರ ನೋಡಿದರೆ ತಾಮ್ರಕ್ಕೆ ತಗುಲಿದ ಕಬ್ಬಿಣದ ಮೊಳೆಗಳು ಕರಗಿ, ತಗಡು ಅಲ್ಲಲ್ಲಿ ಕಳಚಿ ಬಿದ್ದಿತ್ತು. ಉಪ್ಪುನೀರಿನಲ್ಲಿ ಎರಡು ಲೋಹ ಜೊತೆಗೂಡಿದರೆ ಬಲಹೀನ ಲೋಹ ಸವೆದು ಇನ್ನೊಂದನ್ನು ಕಾಯುತ್ತದೆ. ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಇದೇ ಗುಣವನ್ನು ಉಪಾಯವಾಗಿ ತಿರುಗಿಸಿದರು. ತಾಮ್ರದ ತಗಡು ಸವೆಯದಿರಲಿ ಎಂದು ಅದಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದರು. ತಾಮ್ರ ಉಳಿಯಿತು, ಆದರೆ ಹಡಗಿನ ತಳಕ್ಕೆ ಚಿಪ್ಪು, ಪಾಚಿ ದಟ್ಟವಾಗಿ ಬೆಳೆದವು. ಕರಗದ ತಾಮ್ರ ನೀರಿಗೆ ವಿಷ ಬಿಡುವುದಿಲ್ಲವಲ್ಲ! ನೌಕಾಪಡೆ ಆ ತುಂಡುಗಳನ್ನು ಕಿತ್ತುಹಾಕಿಸಿತು.

ಇಂದಿನ ಶಾಫ್ಟಿಗೆ ಕಟ್ಟುವ ಸತುವಿನ ಬಿಲ್ಲೆ ಮಾಡುವುದೂ ಅದನ್ನೇ. ಅದು ಲೋಹವನ್ನು ಸವೆತದಿಂದ ಕಾಯುತ್ತದೆ, ಚಿಪ್ಪಿನಿಂದಲ್ಲ. ಹಾಗೆಂದು ಸತು ಬಿಡುವಂತೆಯೂ ಇಲ್ಲ, ಬಿಟ್ಟರೆ ಪ್ರೊಪೆಲ್ಲರ್ ಹೋಗುತ್ತದೆ. ಸವೆತಕ್ಕೆ ಸತು, ಚಿಪ್ಪಿಗೆ ಲೇಪ ಮತ್ತು ಓಡಾಟ ಎಂದು ಎರಡನ್ನೂ ಬೇರೆ ಬೇರೆಯಾಗಿಯೇ ಮಾಡಬೇಕು. ದೋಣಿಯವರು ಎಡವುವುದು ಹೆಚ್ಚಾಗಿ ಇಲ್ಲೇ.

ದಡಕ್ಕೆ ಎಳೆದ ದಿನ

ನಮ್ಮ ಪಶ್ಚಿಮ ಕರಾವಳಿಯಲ್ಲಿ ಈ ಕೆಲಸಕ್ಕೆ ಮಳೆಗಾಲವೇ ಸಕಾಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೂ ದಡ ಸೇರಿ ಬಣ್ಣ, ರಿಪೇರಿ ಕಾಣುತ್ತವೆ. ಆದರೆ ಲೇಪಕ್ಕೆ ಒಣಹವೆ ಬೇಕು, ಆದ್ದರಿಂದ ಕೆರೆಯುವ ಕೆಲಸ ಜೂನ್‌ನಲ್ಲಾದರೂ ಲೇಪವನ್ನು ಮಾಡಿನ ಕೆಳಗೆ ಅಥವಾ ಮಳೆ ಬಿಟ್ಟ ಮೇಲೆ ಹಚ್ಚುವುದು ಒಳ್ಳೆಯದು.

ದೋಣಿ ನೀರಿನಿಂದ ಮೇಲೆ ಬಂದ ಕೂಡಲೇ ಕೆರೆಯಲು ಶುರು ಮಾಡಬೇಕು. ಹಸಿಯಿದ್ದಾಗ ಬಾರ್ನಕಲ್ ಸುಲಭವಾಗಿ ಏಳುತ್ತದೆ. ಬಿಸಿಲಿಗೆ ಒಣಗಿದರೆ ಅದರ ಅಂಟು ಗಟ್ಟಿಯಾಗಿ ಕೈ ಸೋಲುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್ ಅಥವಾ ಚೂಪು ಮಾಡಿದ ಮರದ ತುಂಡು ಸಾಕು. ಉಕ್ಕಿನ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಕಂಚಿನ ಮೇಲೆ ಗೀರು ಬೀಳುತ್ತದೆ, ಮುಂದಿನ ಮರಿಗೆ ಅದೇ ಗೀರು ಕೂರಲು ಜಾಗವಾಗುತ್ತದೆ. ಕೈಗೆ ದಪ್ಪ ಗ್ಲೌಸ್ ಇರಲೇಬೇಕು, ಬಾರ್ನಕಲ್ ಕೊಯ್ದ ಗಾಯ ಬೇಗ ಕೀವುಗಟ್ಟುತ್ತದೆ.

ಚಿಪ್ಪು ಹೋದ ಮೇಲೂ ಬಿಳಿ ಸುಣ್ಣದ ಬಿಲ್ಲೆಗಳು ಉಳಿಯುತ್ತವೆ. ಅವುಗಳಿಗೆ ವಿನೆಗರ್ ಅಥವಾ ನಿಂಬೆ ಉಪ್ಪು ಕಲಸಿದ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಬಿಟ್ಟರೆ ನೊರೆಯೆದ್ದು ಕರಗುತ್ತವೆ. ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಇನ್ನೂ ಬೇಗ ಕರಗಿಸುತ್ತದೆಂದು ಕೆಲವರು ಸುರಿಯುತ್ತಾರೆ, ಅದು ಸ್ಟೇನ್‌ಲೆಸ್ ಶಾಫ್ಟಿಗೆ ಮಾರಕ.

ಲೋಹ ಹೊಳೆಯತೊಡಗಿದಾಗ ಲೇಪಕ್ಕೆ ಅವಸರ ಮಾಡದೆ ಒಂದು ಪರೀಕ್ಷೆ ಮಾಡಬೇಕು. ರೆಕ್ಕೆಯ ತುದಿಯನ್ನು ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಡಬೇಕು. ಗಟ್ಟಿಯಿರುವ ರೆಕ್ಕೆ ದೇವಸ್ಥಾನದ ಗಂಟೆಯಂತೆ ಠಣ್ ಎಂದು ನಾದ ಎಳೆಯುತ್ತದೆ. ಒಡೆದ ಮಡಕೆ ಬಡಿದಂತೆ ‘ಡಬ್’ ಎಂದರೆ ಒಳಗೆ ಲೋಹ ಸತ್ತಿದೆ. ಚಾಕುವಿನ ಮೊನೆಯಲ್ಲಿ ಕೆರೆದು ನೋಡಿದರೆ ಹಳದಿಯ ಬದಲು ಗುಲಾಬಿ ಬಣ್ಣ ಕಾಣುತ್ತದೆ. ಮ್ಯಾಂಗನೀಸ್ ಕಂಚು ಎಂದು ಮಾರುವ ಪ್ರೊಪೆಲ್ಲರ್ ನಿಜಕ್ಕೂ ಹಿತ್ತಾಳೆಯ ಜಾತಿ, ಅದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಸತುವೇ ಇರುತ್ತದೆ. ಆ ಸತು ಸೋರಿಹೋಗಿ ತಾಮ್ರದ ಬೆಂಡು ಮಾತ್ರ ಉಳಿದಾಗ ಬರುವ ಬಣ್ಣವದು. ಅಂಥ ಪ್ರೊಪೆಲ್ಲರ್‌ಗೆ ಲೇಪ ಹಚ್ಚುವುದು ದುಡ್ಡು ದಂಡ, ಅದನ್ನು ಬದಲಿಸಬೇಕು.

ಶಾಫ್ಟಿನಲ್ಲಿ ನೋಡಬೇಕಾದ್ದು ಬೇರೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಅದಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ತಾಗುತ್ತಿರಬೇಕು. ಚಿಪ್ಪಿನ ಅಡಿಯಲ್ಲಿ ಗಾಳಿ ಸಿಗದೆ ಸೂಜಿಮೊನೆಯಂಥ ಕುಳಿಗಳು ಬೀಳುತ್ತವೆ. ಹೊರಗೆ ಚಿಕ್ಕದಾಗಿ ಕಂಡ ಕುಳಿ ಒಳಗೆ ಆಳಕ್ಕೆ ಹೋಗಿರಬಹುದು, ಆದ್ದರಿಂದ ಭೂತಗನ್ನಡಿ ಹಿಡಿದು ನೋಡುವುದು ಅತಿಯಲ್ಲ. ಶಾಫ್ಟ್ ಹೊರಬರುವಲ್ಲಿರುವ ರಬ್ಬರಿನ ಕಟ್‌ಲೆಸ್ ಬೇರಿಂಗ್‌ಗೆ ನೀರೇ ಎಣ್ಣೆ. ಅದರ ಬಾಯಿಗೆ ಚಿಪ್ಪು ಕಟ್ಟಿದರೆ ನೀರು ನುಗ್ಗದೆ ರಬ್ಬರ್ ಸುಡುತ್ತದೆ. ಅಲ್ಲಿ ಗ್ರೀಸ್, ಬಣ್ಣ ಎರಡೂ ಸಲ್ಲ. ಬೇರಿಂಗ್‌ನೊಳಗೆ ಕೂರುವ ಶಾಫ್ಟಿನ ಭಾಗಕ್ಕೂ ಲೇಪ ತಾಗಬಾರದು.

ಲೇಪ ಯಾವುದು?

ಅಗ್ಗದಿಂದ ದುಬಾರಿಯವರೆಗೆ ಹಲವು ದಾರಿಗಳಿವೆ. ಕಂಚನ್ನು ಕನ್ನಡಿಯಂತೆ ಉಜ್ಜಿ ಹಾಗೇ ಬಿಡುವವರಿದ್ದಾರೆ. ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಬಿಸಿ ಮಾಡಿ ಸವರುವವರಿದ್ದಾರೆ, ಸತುವಿನ ಪುಡಿಯಿರುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ಇವೆಲ್ಲ ಒಂದು ಋತು ತಳ್ಳಲು ಆದೀತು.

ಹೆಚ್ಚು ಬಾಳುವುದು ಸಿಲಿಕೋನ್ ಲೇಪ. ನ್ಯೂಜಿಲೆಂಡಿನ ಪ್ರಾಪ್‌ಸ್ಪೀಡ್ ಇವುಗಳಲ್ಲಿ ಹೆಸರಾದದ್ದು. ಅದರಲ್ಲಿ ವಿಷವಿಲ್ಲ, ಮೇಲ್ಮೈ ಬರೀ ಜಾರು. ಬಂದು ಕೂತ ಮರಿಗೆ ಹಿಡಿತ ಸಿಗದೆ, ಪ್ರೊಪೆಲ್ಲರ್ ತಿರುಗಿದೊಡನೆ ಕಳಚಿಹೋಗುತ್ತದೆ. ಇದನ್ನು ಹಚ್ಚುವಾಗ ಒರಟು ಸ್ಯಾಂಡ್‌ಪೇಪರ್‌ನಿಂದ ಇಡೀ ಮೇಲ್ಮೈ ಉಜ್ಜಿ, ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಬಟ್ಟೆ ಕೊಳೆಯಾಗದವರೆಗೆ ಒರೆಸಬೇಕು. ಆಮೇಲೆ ಬರಿಗೈ ತಾಗಬಾರದು, ಬೆರಳಿನ ಜಿಡ್ಡು ಸಾಕು ಲೇಪ ಏಳಲು. ಪ್ರೈಮರ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೇಲಿನ ಲೇಪ ಹಚ್ಚಿ ಮುಗಿಸಬೇಕು, ಒಣಗಿದ ಪ್ರೈಮರ್ ಮೇಲೆ ಅದು ಹಿಡಿಯುವುದಿಲ್ಲ. ಆದ್ದರಿಂದ ಇಬ್ಬರು ಸೇರಿ, ಒಬ್ಬರ ಹಿಂದೆ ಒಬ್ಬರು ಹಚ್ಚುತ್ತ ಹೋಗುವುದು ಲೇಸು. ಒಣಗಿದ ಮೇಲೆ ದೋಣಿ ಇಳಿಸುವಾಗ ಪಟ್ಟಿ, ಹಗ್ಗ ಶಾಫ್ಟಿಗೆ ತಾಗದಂತೆ ಕಾಯಬೇಕು. ಒಂದು ಗೀರು ಬಿದ್ದರೆ ಅಲ್ಲಿಂದಲೇ ಸಿಪ್ಪೆ ಏಳುತ್ತದೆ.

ದೋಣಿಯ ತಳಕ್ಕೆ ತಂದ ತಾಮ್ರದ ಬಣ್ಣದಲ್ಲಿ ಮಿಕ್ಕಿದ್ದನ್ನು ಪ್ರೊಪೆಲ್ಲರ್‌ಗೂ ಬಳಿಯುವುದು ರೂಢಿ. ಕಂಚಿನ ಮೇಲೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ ಅಷ್ಟೆ. ಆದರೆ ಉದ್ದ ಶಾಫ್ಟಿನ ಬದಲು ವೋಲ್ವೊ ಪೆಂಟಾ, ಯಾನ್ಮಾರ್‌ನಂಥವರ ಸೈಲ್‌ಡ್ರೈವ್ ಇರುವ ದೋಣಿಯಲ್ಲಿ ನೀರಿನೊಳಗಿನ ಕಾಲು ಅಲ್ಯೂಮಿನಿಯಂನದು. ಅದಕ್ಕೆ ಕ್ಯೂಪ್ರಸ್ ಆಕ್ಸೈಡ್ ಬಣ್ಣ ಬಳಿದರೆ ತಾಮ್ರ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಅಲ್ಯೂಮಿನಿಯಂಗೆಂದೇ ಮಾಡಿದ ಬಣ್ಣ ಬೇಕು. ಗೋದಾಮಿನ ಮೂಲೆಯಲ್ಲಿ ಟಿಬಿಟಿ (ಟ್ರೈಬ್ಯುಟೈಲ್‌ಟಿನ್) ಎಂಬ ವಿಷವಿರುವ ಬಣ್ಣದ ಹಳೆಯ ಡಬ್ಬಿ ಸಿಕ್ಕರೆ ಮುಚ್ಚಳವನ್ನೇ ತೆಗೆಯಬಾರದು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿ ಕೃಷಿಯನ್ನು ಅದು ಹಾಳುಗೆಡವಿತ್ತು. 2008ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಒಪ್ಪಂದ ಅದನ್ನು ಹಡಗಿನ ತಳದಿಂದ ಹೊರಗಿಟ್ಟಿದೆ.

ಮಡಚುವ ಪ್ರೊಪೆಲ್ಲರ್ ಇದ್ದವರು ಕೀಲು, ಹಲ್ಲುಗಳಿಗೆ ಲೇಪ ಸೋರದಂತೆ ನೋಡಿಕೊಳ್ಳಬೇಕು. ಕೀಲಿನಲ್ಲಿ ಎರಡೇ ಚಿಪ್ಪು ಕೂತರೂ ಒಂದು ರೆಕ್ಕೆ ತೆರೆದು ಇನ್ನೊಂದು ತೆರೆಯದೆ ಶಾಫ್ಟ್ ಕುಣಿಯುತ್ತದೆ.

ಸತು ಕಟ್ಟುವ ಕ್ರಮ

ಲೇಪ ಮುಗಿದ ಮೇಲೆ ಹೊಸ ಸತು. ಅದು ಕೂರುವ ಜಾಗದಲ್ಲಿ ಶಾಫ್ಟ್ ಲೇಪವಿಲ್ಲದೆ ಥಳಥಳ ಹೊಳೆಯುತ್ತಿರಬೇಕು. ಲೋಹಕ್ಕೆ ಲೋಹ ತಾಗದಿದ್ದರೆ ಸತು ಇದ್ದೂ ಇಲ್ಲದಂತೆ. ಬೋಲ್ಟುಗಳನ್ನು ಒಂದಾದ ಮೇಲೊಂದು ಬಿಗಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮತ್ತೆ ಬಿಗಿಯಬೇಕು. ಬೇರಿಂಗ್‌ನ ಬಾಯಿ ಮುಚ್ಚದಂತೆ ಸ್ವಲ್ಪ ಅಂತರ ಇರಲಿ. ಸತುವಿಗೆ ಎಂದೂ ಬಣ್ಣ ಬಳಿಯಬಾರದು, ಅರ್ಧ ಸವೆದಾಗ ಬದಲಿಸಬೇಕು.

ನದಿಮುಖದಲ್ಲಿ ದೋಣಿ ಕಟ್ಟುವವರು ಇನ್ನೊಂದು ಲೆಕ್ಕ ಇಡಬೇಕು. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟುವ ಮಹದಾಯಿ ಗೋವಾದಲ್ಲಿ ಮಾಂಡೋವಿಯಾಗಿ ಕಡಲು ಸೇರುತ್ತದೆ. ಭಾರತೀಯ ನೌಕಾಪಡೆಯ ಹಾಯಿದೋಣಿ ಐಎನ್‌ಎಸ್‌ವಿ ಮ್ಹಾದೇಯಿ ಆ ನದಿಯ ದಿವಾರ್ ದ್ವೀಪದ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲೇ ಕಟ್ಟಿದ್ದು. ಅಂಥ ಅಳಿವೆಗಳಲ್ಲಿ ಮಳೆಗಾಲದ ನೆರೆಗೆ ಉಪ್ಪು ತೀರಾ ಇಳಿಯುತ್ತದೆ. ಸಿಹಿನೀರು ಬಾರ್ನಕಲ್ಲನ್ನು ಕೊಲ್ಲುತ್ತದೆ ನಿಜ, ಆದರೆ ಖಾಲಿ ಚಿಪ್ಪು ಅಂಟಿಯೇ ಇರುತ್ತದೆ. ಸತುವಿನ ಮೇಲೂ ಹೊಪ್ಪಳೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಸಿಹಿ-ಉಪ್ಪು ಬೆರೆಯುವಲ್ಲಿ ಅಲ್ಯೂಮಿನಿಯಂ ಬಿಲ್ಲೆಯೇ ಸೂಕ್ತ.

ನೀರಿಗಿಳಿದ ಮೇಲೆ

ದುಬಾರಿ ಲೇಪವೂ ನಿಂತ ಪ್ರೊಪೆಲ್ಲರನ್ನು ಕಾಯಲಾರದು, ಜಾರಿಸಲು ಅದಕ್ಕೆ ಓಟ ಬೇಕು. ವಾರಕ್ಕೊಮ್ಮೆ, ಆಗದಿದ್ದರೆ ಹದಿನೈದು ದಿನಕ್ಕೊಮ್ಮೆಯಾದರೂ ಹೊರಗೆ ಹೋಗಿ ಎಂಜಿನ್‌ನಲ್ಲೇ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ ಬರಬೇಕು. ಗೇರ್ ಹಾಕದೆ ಎಂಜಿನ್ ಮಾತ್ರ ಓಡಿಸಿದರೆ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ ಊರಿನಲ್ಲಿ ಇರುವುದಿಲ್ಲ ಎನ್ನುವವರು ಪ್ರೊಪೆಲ್ಲರ್‌ಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲ ಕಟ್ಟಿ ಹೋಗುವುದುಂಟು. ಒಳಗೆ ಬೆಳಕು, ಹೊಸ ನೀರು ಬಾರದೆ ಮರಿಗಳು ಬದುಕುವುದಿಲ್ಲ. ಆದರೆ ಎಂಜಿನ್ ಕೀಗೆ ಕೆಂಪು ಬಟ್ಟೆ ಕಟ್ಟಿ, ‘ಚೀಲ ಇದೆ’ ಎಂದು ಬರೆದಿಡುವುದನ್ನು ಮರೆಯಬಾರದು.

ನೀರಿನಲ್ಲೇ ಮುಳುಗಿ ಒರೆಸುವುದಾದರೆ ಎಂಜಿನ್ ಕೀ ಮುಳುಗುವವರ ಕೈಯಲ್ಲೇ ಇರಬೇಕು, ದಡದ ಕರೆಂಟಿನ ವೈರ್ ಕಿತ್ತಿರಬೇಕು, ಮೇಲೆ ಒಬ್ಬರು ಕಾವಲಿರಬೇಕು. ಸಿಲಿಕೋನ್ ಲೇಪದ ಮೇಲೆ ಮೆತ್ತನೆಯ ಬಟ್ಟೆ ಬಿಟ್ಟು ಬೇರೇನೂ ಬೇಡ.

ಪರದೇಶದ ಬಂದರಿಗೆ ಹೊರಟವರು ಹೊರಡುವ ಮುಂಚೆಯೇ, ತಮ್ಮ ಊರಿನ ದಡದಲ್ಲೇ ಚಿಪ್ಪು ಕೆರೆದು ಹೋಗಬೇಕು. 1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನಲ್ಲಿ ಅಮೆರಿಕ ಖಂಡದ ಮೂಲದ ಕಪ್ಪುಪಟ್ಟೆಯ ಚಿಪ್ಪುಜೀವಿ ಕಾಣಿಸಿಕೊಂಡಿತು. ಅದು ಬಂದದ್ದು ಹಾಯಿದೋಣಿಗೆ ಅಂಟಿಕೊಂಡೇ ಎಂದು ಅಲ್ಲಿನವರು ಗುರುತಿಸಿದರು. ಮೂರು ಮರೀನಾಗಳಿಗೆ ರಾಸಾಯನಿಕ ಸುರಿದು ನೀರಿನಲ್ಲಿದ್ದ ಜೀವಿಗಳನ್ನೆಲ್ಲ ಕೊಂದು ಅದನ್ನು ತೊಡೆಯಬೇಕಾಯಿತು. ನ್ಯೂಜಿಲೆಂಡ್ 2018ರ ಮೇ ತಿಂಗಳಿಂದ ತಳ ಸ್ವಚ್ಛವಿಲ್ಲದ ದೋಣಿಗಳಿಗೆ ನಿಯಮ ಬಿಗಿ ಮಾಡಿದೆ. ದೋಣಿಯ ಬದಿ ಎಷ್ಟೇ ಹೊಳೆಯುತ್ತಿದ್ದರೂ ಪ್ರೊಪೆಲ್ಲರ್, ಶಾಫ್ಟ್‌ನ ಸಂದಿಗಳನ್ನು ಅಲ್ಲಿ ಪ್ರತ್ಯೇಕವಾಗಿ ನೋಡುತ್ತಾರೆ.

ದೋಣಿ ನೀರಿಗಿಳಿದ ದಿನ, ಸತು ಕಟ್ಟಿದ ದಿನ, ಪ್ರೊಪೆಲ್ಲರ್ ಕೊನೆಯ ಬಾರಿ ತಿರುಗಿದ ದಿನ, ಈ ಮೂರು ತಾರೀಖುಗಳನ್ನು ದೋಣಿಯ ಡೈರಿಯಲ್ಲಿ ಬರೆದಿಡಿ. ಕೊನೆಯ ತಾರೀಖಿಗೆ ಹದಿನೈದು ದಿನ ದಾಟಿದ್ದರೆ ಈ ಭಾನುವಾರವೇ ಎಂಜಿನ್ ಚಾಲೂ ಮಾಡಿ.