ಚೆನ್ನೈನಲ್ಲಿ ಜೈಲು ನೋಡಬೇಕೆನ್ನುವವರಿಗೆ

ಬ್ರಿಟಿಷರ ಕಾಲದ ಜೈಲು ನೋಡಲೆಂದು ಚೆನ್ನೈಗೆ ಹೊರಟವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೆಂದರೆ, ಅಲ್ಲಿ ನೋಡಲು ಜೈಲು ಉಳಿದಿಲ್ಲ. 1837ರಲ್ಲಿ ಕಟ್ಟಿದ ಮದ್ರಾಸ್ ಸೆಂಟ್ರಲ್ ಜೈಲಿನ ಕೈದಿಗಳನ್ನು 2006ರಲ್ಲಿ ಊರಾಚೆಯ ಪುಳಲ್‌ಗೆ ಸಾಗಿಸಿದರು. 2009ರಲ್ಲಿ ಕಟ್ಟಡವನ್ನೂ ಕೆಡವಿ ಜಾಗವನ್ನು ಮದ್ರಾಸ್ ಮೆಡಿಕಲ್ ಕಾಲೇಜಿಗೆ ಕೊಟ್ಟರು. ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಆ ಜಾಗದಲ್ಲಿ ಈಗ ಕಾಣುವುದು ಕಾಲೇಜಿನ ಹೊಸ ಕಟ್ಟಡ, ಬಿಳಿ ಕೋಟಿನ ವಿದ್ಯಾರ್ಥಿಗಳು, ಅಷ್ಟೇ. ಸ್ಟೇಷನ್ ಮುಂದಿನ ಆಟೋದವರಿಗೆ ಬರೀ ‘ಸೆಂಟ್ರಲ್ ಜೈಲು’ ಎಂದರೆ ಪುಳಲ್‌ಗೆ ಕರೆದೊಯ್ಯುವ ಸಂಭವವೇ ಹೆಚ್ಚು. ದೂರವೂ ಜಾಸ್ತಿ, ಬಾಡಿಗೆಯೂ ಜಾಸ್ತಿ, ಕೊನೆಗೆ ಗೇಟಿನೊಳಗೆ ಬಿಡುವುದೂ ಇಲ್ಲ. ಹಾಗಾದರೆ ಹೋಗುವುದೇತಕ್ಕೆ? ಆ ಕಾಲದ ಜೈಲಿನ ಶಿಸ್ತು ಇದ್ದದ್ದು ಗೋಡೆಯಲ್ಲಲ್ಲ, ಕಾಯ್ದೆ ಪುಸ್ತಕದಲ್ಲಿ. ಅದನ್ನು ಓದಿಕೊಂಡು ಹೋದವರಿಗೆ ಗೋಡೆಯಿಲ್ಲದ ಈ ಊರಿನಲ್ಲೂ ನೋಡಲು ಬೇಕಾದಷ್ಟಿದೆ. ಓದದೆ ಹೋದವರಿಗೆ ಎಷ್ಟು ದೊಡ್ಡ ಜೈಲು ತೋರಿಸಿದರೂ ಕಲ್ಲು ಗಾರೆಯಷ್ಟೇ.

ಆದ್ದರಿಂದ ರೈಲು ಹತ್ತುವ ಮೊದಲು 1894ರ ಕಾರಾಗೃಹ ಕಾಯ್ದೆಯನ್ನು ಫೋನಿಗೆ ಇಳಿಸಿಕೊಳ್ಳಿ. ಉಚಿತವಾಗಿ ಸಿಗುತ್ತದೆ, ಉದ್ದವೂ ಇಲ್ಲ. ಬೆಂಗಳೂರಿನಿಂದ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದರೆ ಜೋಲಾರಪೇಟೆ ಬರುವುದರೊಳಗೆ ಓದಿ ಮುಗಿಸಬಹುದು. 35, 45, 46ನೇ ಕಲಮುಗಳನ್ನು ಬಿಡಬೇಡಿ. ಕೆಲಸದಲ್ಲಿ ಸೋಮಾರಿತನ, ಕಾಯಿಲೆಯ ನಟನೆ, ಕೆಲಸ ತಪ್ಪಿಸಲು ಮೈಗೆ ತಾನೇ ಊನ ಮಾಡಿಕೊಳ್ಳುವುದು, ಇವೆಲ್ಲ ಜೈಲಿನೊಳಗಿನ ಅಪರಾಧಗಳು. ಅದಕ್ಕೆ ಶಿಕ್ಷೆಗಳ ಪಟ್ಟಿ ಸಿದ್ಧವಿದೆ: ಬರೀ ಎಚ್ಚರಿಕೆಯಿಂದ ಹಿಡಿದು ಇನ್ನೂ ಕಷ್ಟದ ಕೆಲಸ, ಮೂರು ತಿಂಗಳವರೆಗೆ ಬಟ್ಟೆಯ ಬದಲು ಗೋಣಿ, ಕೈಕೋಳ, ಕಾಲಿಗೆ ಬೇಡಿ, ಒಂದೇ ಸಲಕ್ಕೆ 96 ಗಂಟೆ ಮೀರದ ದಂಡನೆಯ ಊಟ, ಹದಿನಾಲ್ಕು ದಿನ ಮೀರದ ಒಂಟಿಕೋಣೆವಾಸ, ಮೂವತ್ತು ಮೀರದ ಛಡಿಯೇಟು. ಛಡಿಯ ದಪ್ಪ ಅರ್ಧ ಇಂಚಿಗೆ ಕಡಿಮೆಯಿರಬಾರದು, ಏಟು ಮೈಯ ಯಾವ ಭಾಗಕ್ಕೆ ಬೀಳಬೇಕು ಎನ್ನುವುದೂ ಅದರಲ್ಲಿದೆ. ಸಿಟ್ಟಿನಲ್ಲಿ ಬರೆದ ಒಂದು ವಾಕ್ಯವೂ ಇಲ್ಲ. ಎಲ್ಲವೂ ತೂಕ, ಅಳತೆ, ಗಡುವು.

ಇಲ್ಲೇ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಳತೆ ಹಾಕಿದ್ದು ಕೈದಿಯ ರಕ್ಷಣೆಗೇ ಅಲ್ಲವೆ? ಲೆಕ್ಕವಿಲ್ಲದೆ ಹೊಡೆಯುವುದಕ್ಕಿಂತ ಮೂವತ್ತೇ ಏಟು ಎನ್ನುವುದು ಮೇಲಲ್ಲವೆ? ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ದುಡಿಯುವ ಕೈದಿಯ ತೂಕವನ್ನು ಹದಿನೈದು ದಿನಕ್ಕೊಮ್ಮೆಯಾದರೂ ಅವನ ದಾಖಲೆ ಚೀಟಿಯಲ್ಲಿ ಬರೆದಿಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ನಿಜ, ಆ ಮಟ್ಟಿಗೆ ಅದು ತಡೆಗೋಡೆಯೇ. ಆದರೆ ತೂಕ ನೋಡುವುದು ಏಕೆಂದು ಕೇಳಬೇಕು. ದುಡಿಮೆಯಿಂದ ಆರೋಗ್ಯ ಕೆಟ್ಟಿತೆಂದು ವೈದ್ಯಾಧಿಕಾರಿಗೆ ಕಂಡರೆ ಕೈದಿಯನ್ನು ಆ ಕೆಲಸದಿಂದ ತೆಗೆದು, ತಕ್ಕದ್ದೆಂದು ತೋರಿದ ಬೇರೆ ಕೆಲಸಕ್ಕೆ ಹಾಕಬೇಕು. ಅಂದರೆ ಮೈ ಎಷ್ಟನ್ನು ತಡೆದೀತು ಎಂದು ನೋಡಿಕೊಂಡು ಅಷ್ಟಕ್ಕೆ ಶಿಕ್ಷೆಯನ್ನು ಹೊಂದಿಸುವ ಏರ್ಪಾಡು. ಮೆಕಾಲೆ ಸದಸ್ಯನಾಗಿದ್ದ ಸಮಿತಿ 1838ರಲ್ಲೇ ಕೈದಿಗಳನ್ನು ರಸ್ತೆ ಕೆಲಸಕ್ಕೆ ಕಳಿಸುವುದು ಬೇಡ, ಗೋಡೆಯೊಳಗೆ ಬೇಸರ ಹುಟ್ಟಿಸುವ, ಒಂದೇ ತೆರನಾದ ಕೆಲಸ ಕೊಡಿ ಎಂದು ಶಿಫಾರಸು ಮಾಡಿತ್ತು. ಹೊರಗಿನ ಗಾಳಿ, ದಾರಿಹೋಕರ ಮಾತು ಶಿಕ್ಷೆಯನ್ನು ಹಗುರ ಮಾಡುತ್ತವೆ ಎನ್ನುವುದು ಆ ಕಾಲದ ಯೋಚನೆ. ಕೆಲಸದಲ್ಲಿ ಹುರುಪೇ ಹುಟ್ಟಬಾರದು ಎಂದು ಯೋಚಿಸಿ ಕೆಲಸ ಆರಿಸಿದವರು ಆಮೇಲೆ ಗಂಟೆಯ ಮಿತಿ ಹಾಕಿದರೆ ಅದನ್ನು ಕರುಣೆ ಎನ್ನುವುದು ಕಷ್ಟ.

ಇಷ್ಟು ತಲೆಯಲ್ಲಿಟ್ಟುಕೊಂಡು ಗಿಂಡಿಗೆ ಹೋಗಿ. ಸೆಂಟ್ರಲ್ ಎದುರಿನ ಪಾರ್ಕ್ ಸ್ಟೇಷನ್ನಿನಲ್ಲಿ ತಾಂಬರಂ ಕಡೆಯ ಲೋಕಲ್ ರೈಲು ಹಿಡಿದರೆ ಟಿಕೆಟ್ಟಿಗೆ ಚಿಲ್ಲರೆ ಕಾಸು. ಗಿಂಡಿಯಲ್ಲಿಳಿದು ಸರ್ದಾರ್ ಪಟೇಲ್ ರಸ್ತೆಯ ಗಾಂಧಿ ಮಂಟಪಕ್ಕೆ ಬಸ್ಸೋ ಆಟೋವೋ ಹಿಡಿಯಿರಿ. ನಡೆದೇ ಹೋಗುತ್ತೇನೆ ಎನ್ನುವ ಹಟ ಚೆನ್ನೈನ ಬಿಸಿಲಿನಲ್ಲಿ ಬೇಡ. ಆವರಣದ ಉದ್ಯಾನವನ್ನೂ ನಾಯಕರ ಸ್ಮಾರಕಗಳನ್ನೂ ಬೇಗ ದಾಟಿಬಿಡಬಹುದು, ಅವು ಎಲ್ಲ ಊರಿನಲ್ಲೂ ಇರುವಂಥವೇ. ನಿಲ್ಲಬೇಕಾದದ್ದು ವಿ.ಒ. ಚಿದಂಬರಂ ಪಿಳ್ಳೈ ಎಳೆದದ್ದೆಂದು ತೋರಿಸುವ ಕಲ್ಲಿನ ಗಾಣದ ಮುಂದೆ. ತಮಿಳಿನಲ್ಲಿ ‘ಚೆಕ್ಕು’ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಬ್ರಿಟಿಷ್ ಹಡಗು ಕಂಪನಿಗೆ ಎದುರಾಗಿ 1906ರಲ್ಲಿ ತೂತ್ತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದ ವಕೀಲ ಈತ. 1908ರಲ್ಲಿ ರಾಜದ್ರೋಹದ ಆರೋಪದ ಮೇಲೆ ತಿರುನಲ್ವೇಲಿಯ ನ್ಯಾಯಾಧೀಶ ಪಿನ್ಹೇ ಎರಡು ಜೀವಾವಧಿ ಗಡೀಪಾರು ವಿಧಿಸಿದ. ಮೇಲ್ಮನವಿಯಲ್ಲಿ ಅದು ಇಳಿಯಿತು. ಕೊಯಮತ್ತೂರು, ಕಣ್ಣೂರು ಜೈಲುಗಳಲ್ಲಿ ಕಳೆದು 1912ರ ಡಿಸೆಂಬರ್‌ನಲ್ಲಿ ಹೊರಬಂದಾಗ ಆರೋಗ್ಯವೂ ಹೋಗಿತ್ತು, ಕಂಪನಿಯೂ ಹೋಗಿತ್ತು. ಗಾಣಕ್ಕೆ ಎತ್ತಿನ ಜಾಗದಲ್ಲಿ ಅವರನ್ನು ಹೂಡಿದ್ದರು. ಸ್ಮಾರಕವು ಇದನ್ನು ಒಬ್ಬ ಮಹನೀಯನಿಗೆ ಆದ ಅನ್ಯಾಯವೆಂದು ಹೇಳಿ ಮುಗಿಸುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಅದೇ ಜೈಲಿನಲ್ಲಿದ್ದ ಸಾಮಾನ್ಯ ಕಳ್ಳನಿಗೂ ಇದೇ ಕಠಿಣ ಸಜೆ, ಇದೇ ಕಾಯ್ದೆ. ಪಿಳ್ಳೈ ಅವರನ್ನು ಕಾನೂನು ಮೀರಿ ಹಿಂಸಿಸಿದರು ಎಂದು ಕನಿಕರಪಡುವುದು ಸುಲಭ. ಬಹುಪಾಲು ಕಾನೂನಿನ ಪ್ರಕಾರವೇ ಹಿಂಸಿಸಿದರು ಎನ್ನುವುದನ್ನು ಒಪ್ಪಿಕೊಂಡು ಆ ಕಲ್ಲನ್ನು ನೋಡುವುದು ಬೇರೆ.

ಇದಕ್ಕೆಲ್ಲ ಚೆನ್ನೈ ಯಾಕೆ, ಅಂಡಮಾನಿಗೇ ಹೋಗಬಾರದೆ, ಅಥವಾ ಬೆಂಗಳೂರಿನ ಫ್ರೀಡಂ ಪಾರ್ಕ್ ಸಾಲದೆ ಎಂದು ಯಾರಾದರೂ ಕೇಳಿಯಾರು. ಅಂಡಮಾನಿನ ಸೆಲ್ಯುಲರ್ ಜೈಲು ನೋಡಲೇಬೇಕಾದ್ದು, ಆದರೆ ಅಲ್ಲಿನ ಧ್ವನಿ-ಬೆಳಕಿನ ಆಟದಲ್ಲಿ ಎಲ್ಲವೂ ಕ್ರೂರಿ ಮತ್ತು ವೀರರ ಕಥೆಯಾಗುತ್ತದೆ. ಫ್ರೀಡಂ ಪಾರ್ಕಿನಲ್ಲಿ ಹಳೆಯ ಬ್ಯಾರಕ್ಕು, ಕಾವಲು ಗೋಪುರ ಉಳಿದಿವೆ ನಿಜ, ಆದರೆ ಅದು ಮೈಸೂರು ಸಂಸ್ಥಾನದ ಜೈಲು, ಮತ್ತು ಜನ ನೆನೆಯುವುದು ತುರ್ತುಪರಿಸ್ಥಿತಿಯನ್ನು. ಬಳ್ಳಾರಿಯೂ ಮಂಗಳೂರೂ ಆಗ ಮದ್ರಾಸ್ ಪ್ರಾಂತ್ಯದವು. ಆ ಕಡೆಯ ಕನ್ನಡ, ತುಳು ಮಾತಿನ ಕೈದಿ ಎಷ್ಟು ಗಂಟೆ ದುಡಿಯಬೇಕು, ಏನು ಉಡಬೇಕು ಎನ್ನುವ ಆಜ್ಞೆ ಹೊರಡುತ್ತಿದ್ದದ್ದು ಮದ್ರಾಸಿನಿಂದಲೇ. ಆ ಕೈದಿಗಳಿಗೆ ಸ್ಮಾರಕವಿಲ್ಲ. ಅವರು ಸಿಗುವುದಾದರೆ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ, ಕಡತಗಳಲ್ಲಿ.

ಮತ್ತೊಂದು ಮಾತು: ಇದೆಲ್ಲ ಮುಗಿದ ಕಥೆ, ಬಿಳಿಯರೊಂದಿಗೆ ಹೋಯಿತು ಎಂದು. ಹೋಗಲಿಲ್ಲ. 1894ರ ಕಾಯ್ದೆ ಸ್ವಾತಂತ್ರ್ಯದ ನಂತರವೂ ಹಾಗೇ ನಡೆದುಬಂತು. ಅದರ ಬದಲಿಗೆ ಕೇಂದ್ರ ಮಾದರಿ ಕಾಯ್ದೆಯೊಂದನ್ನು ತಯಾರಿಸಿದ್ದು 2023ರಲ್ಲಿ. ಕೈದಿಗಳಿಗೆ ಜಾತಿ ನೋಡಿ ಕೆಲಸ ಹಂಚುವ ಜೈಲು ಕೈಪಿಡಿ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 2024ರ ಅಕ್ಟೋಬರ್‌ನಲ್ಲಿ, ಆ ತೀರ್ಪಿನಲ್ಲಿ ತಮಿಳುನಾಡಿನ ಪಾಳಯಂಕೋಟೆ ಜೈಲಿನ ಜಾತಿವಾರು ವಿಂಗಡಣೆಯ ಪ್ರಸ್ತಾಪವೂ ಇದೆ. ಪುಳಲ್ ಕಡೆ ಹೇಗೂ ಹೋಗುವ ಕೆಲಸವಿದ್ದರೆ ಕೈದಿಗಳು ಕೂಲಿಗೆ ದುಡಿಯುವ ಪೆಟ್ರೋಲ್ ಬಂಕ್ ನೋಡಿಬನ್ನಿ. ಅದಕ್ಕಾಗಿಯೇ ಹೋಗಬೇಕಿಲ್ಲ.

ಪತ್ರಾಗಾರದ ವಿಷಯದಲ್ಲಿ ಮಾತ್ರ ತಯಾರಿ ಬೇಕು. ಎಗ್ಮೋರ್ ಸ್ಟೇಷನ್ನಿನ ಹತ್ತಿರವೇ ಇದೆ, ಹುಡುಕುವ ಕಷ್ಟವಿಲ್ಲ. ಆದರೆ ಅದು ಮ್ಯೂಸಿಯಂ ಅಲ್ಲ, ಸುಮ್ಮನೆ ಒಳಹೊಕ್ಕು ಕಡತ ಕೇಳುವಂತಿಲ್ಲ. ಕಾಲೇಜಿನದೋ ಸಂಸ್ಥೆಯದೋ ಪರಿಚಯಪತ್ರ, ಗುರುತಿನ ಚೀಟಿ, ಏನು ಬೇಕೆಂದು ವರ್ಷ ಸಹಿತ ಬರೆದ ಅರ್ಜಿ ಇವನ್ನು ಮೊದಲೇ ಕಳಿಸಿ, ಒಪ್ಪಿಗೆ ಬಂದ ಮೇಲೆ ಟಿಕೆಟ್ ಬುಕ್ ಮಾಡಿ. ಸರ್ಕಾರಿ ರಜೆಗಳನ್ನು ನೋಡಿಕೊಳ್ಳಿ, ಪೊಂಗಲ್ ವಾರ ಬೇಡವೇ ಬೇಡ. ಒಂದೇ ದಿನದ ಬಿಡುವಿದ್ದರೆ ಪತ್ರಾಗಾರವನ್ನು ಕೈಬಿಟ್ಟು ಗಿಂಡಿಗಷ್ಟೇ ಹೋಗುವುದು ಲೇಸು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹವೆ ಸಹ್ಯ. ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ ಹಿಡಿದರೆ ಲೋಕಲ್ ರೈಲೂ ನಿಂತೀತು, ಗಿಂಡಿಯ ರಸ್ತೆಯೂ ನೀರಾದೀತು.