ಕಟ್ಟಡ ಕೆಲಸದ ಸದ್ದು ಮತ್ತು ದುಡಿಯುವವರ ಕಿವಿ

ನಿಮ್ಮ ಮನೆಯಲ್ಲಿ ಯಾರಾದರೂ ಟೈಲ್ಸ್, ಗ್ರಾನೈಟ್ ಅಥವಾ ಕಾಂಕ್ರೀಟ್ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದಾರೆಯೇ? ಸಂಜೆ ಬಂದ ಮೇಲೆ ಅವರು ಟಿ.ವಿ. ಸದ್ದನ್ನು ಎಷ್ಟು ಏರಿಸುತ್ತಾರೆಂದು ಗಮನಿಸಿ. ದೊಡ್ಡವರ ಮಾತು ಕೇಳಿಸುತ್ತದೆ, ಮಕ್ಕಳು ಹೇಳಿದ್ದು ತಿಳಿಯುವುದಿಲ್ಲ. ಮಲಗಿದಾಗ ಕಿವಿಯೊಳಗೆ ಗುಂಯ್‌ಗುಟ್ಟುತ್ತದೆ. ದಣಿವೆಂದೋ ಅಸಡ್ಡೆಯೆಂದೋ ನಾವು ಸುಮ್ಮನಾಗುತ್ತೇವೆ. ಗದ್ದಲದಿಂದ ಬರುವ ಕಿವುಡು ಶುರುವಾಗುವುದೇ ಹೀಗೆ.

ಒಳಕಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳುಳ್ಳ ಜೀವಕೋಶಗಳಿವೆ. ಸದ್ದನ್ನು ಹಿಡಿದು ನರಕ್ಕೆ ದಾಟಿಸುವುದು ಇವೇ. ಅತಿಯಾದ ಸದ್ದಿಗೆ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೀರಲು ಸ್ವರ ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ಆದ್ದರಿಂದಲೇ ಸ, ಶ ಮುಂತಾದ ಅಕ್ಷರಗಳೂ ಮಕ್ಕಳ ಸ್ವರವೂ ಮೊದಲು ಮಸುಕಾಗುತ್ತವೆ. ನೋವಿಲ್ಲದ್ದರಿಂದ ವೈದ್ಯರ ನೆನಪಾಗುವುದು ತಡವಾಗಿಯೇ.

ದಿನಕ್ಕೆ 8 ಗಂಟೆ ದುಡಿಯುವವರಿಗೆ ತಜ್ಞರು ಸೂಚಿಸುವ ಮಿತಿ 85 ಡೆಸಿಬಲ್. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 100ಕ್ಕೆ ಬರೀ 15 ನಿಮಿಷ. ಗ್ರೈಂಡರ್, ಬ್ರೇಕರ್‌ಗಳು ಸುಲಭವಾಗಿ 100ರ ಆಸುಪಾಸು ಮುಟ್ಟುತ್ತವೆ. ಅಳೆಯುವ ಯಂತ್ರ ಇಲ್ಲವೇ? ಒಂದು ತೋಳಿನ ದೂರದಲ್ಲಿರುವವರೊಡನೆ ದನಿ ಏರಿಸಿ ಮಾತಾಡಬೇಕಾದರೆ ಮಿತಿ ದಾಟಿದೆಯೆಂದೇ ತಿಳಿಯಿರಿ.

ಇಯರ್ ಪ್ಲಗ್ ಕೊನೆಯ ಉಪಾಯ. ಮೊದಲು ಸದ್ದನ್ನೇ ತಗ್ಗಿಸಬೇಕು. ಟೈಲ್ಸನ್ನು ನೇರವಾಗಿ ತುಂಡರಿಸಲು, ಗೀರಿ ಮುರಿಯುವ ಕೈಯಂತ್ರವೇ ಸಾಕು. ಅದಕ್ಕೆ ಸದ್ದೂ ಇಲ್ಲ, ಧೂಳೂ ಇಲ್ಲ. ಗ್ರೈಂಡರ್ ಬೇಕೇಬೇಕೆಂದರೆ ಹೊರಗೆ ಕತ್ತರಿಸಿ ತನ್ನಿ. ಮುಚ್ಚಿದ ಕೋಣೆಯಲ್ಲಿ ಗೋಡೆಗಳು ಸದ್ದನ್ನು ಹಿಂದಕ್ಕೆ ತಳ್ಳಿ ಇನ್ನಷ್ಟು ಹೆಚ್ಚಿಸುತ್ತವೆ. ಬಯಲಲ್ಲಿ ದೂರ ಇಮ್ಮಡಿಯಾದಾಗ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಜನರೇಟರನ್ನು ದೂರವಿಡಿ, ಸುಮ್ಮನೆ ನೋಡುತ್ತಾ ನಿಂತ ಹುಡುಗರನ್ನೂ ಅತ್ತ ಕಳುಹಿಸಿ.

ಕಿವಿಗೆ ಹತ್ತಿ ತುರುಕಿದರೆ ಪ್ರಯೋಜನವಿಲ್ಲ. ಇಯರ್‌ಫೋನಿನಲ್ಲಿ ಹಾಡು ಹಾಕಿಕೊಳ್ಳುವುದಂತೂ ಗಾಯಕ್ಕೆ ಉಪ್ಪು. ಫೋಮ್ ಪ್ಲಗ್ ಮುಟ್ಟುವ ಮುಂಚೆ ಕೈತೊಳೆಯಿರಿ. ಸಿಮೆಂಟ್ ಮೆತ್ತಿದ ಬೆರಳಿನಿಂದ ಕಿವಿಗೆ ಸೋಂಕು ತಗಲೀತು. ಪ್ಲಗ್ಗನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ.

ಮನೆ ಕಟ್ಟಿಸುತ್ತಿರುವವರು ನೀವೇ ಆದರೆ ಇನ್ನೊಂದು ಮಾತು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಬಳಸುವಂತಿಲ್ಲ. ಪಕ್ಕದ ಮನೆಯಲ್ಲಿ ಹಸುಗೂಸೋ ರೋಗಿಯೋ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಒಡೆಯುವ ಕೆಲಸದ ಹೊತ್ತನ್ನು ತಿಳಿಸಿಬಿಡಿ.

ಈ ಕೆಲಸಕ್ಕೆ ಹೊಸದಾಗಿ ಸೇರುವವರು, ಗಲ್ಫ್‌ಗೆ ಹೊರಟವರೂ ಸೇರಿದಂತೆ, ಮೊದಲೇ ಆಡಿಯೋಮೆಟ್ರಿ ಮಾಡಿಸಿ ವರದಿ ಇಟ್ಟುಕೊಳ್ಳಲಿ. ಮುಂದೆ ಹೋಲಿಸಿ ನೋಡಲು ಅದೇ ಆಧಾರ. ಪರೀಕ್ಷೆಯ ಹಿಂದಿನ ದಿನ ಗದ್ದಲದ ಕೆಲಸ ಬೇಡ. ತಾತ್ಕಾಲಿಕವಾಗಿ ಮಂದವಾದ ಕಿವಿ ತಪ್ಪು ಲೆಕ್ಕ ಕೊಡುತ್ತದೆ.