ಶಿಶುಗಳ ಲಸಿಕೆ ಮತ್ತು ಊರಿನ ಹೊಣೆ

ಐವತ್ತು ವರ್ಷ ದಾಟಿದವರ ತೋಳಿನ ಮೇಲೆ ನಾಣ್ಯದಷ್ಟು ಅಗಲದ ಒಂದೆರಡು ಕಲೆಗಳಿರುವುದನ್ನು ಎಲ್ಲರೂ ಬಲ್ಲರು. ಅವು ಸಿಡುಬಿನ ವಿರುದ್ಧ ಹಾಕಿಸಿದ ಲಸಿಕೆಯ ಗುರುತುಗಳು. ಇಂದು ಶಾಲೆಯಲ್ಲಿ ಓದುತ್ತಿರುವ ಮಕ್ಕಳ ತೋಳಿನಲ್ಲಿ ಅಂಥ ಕಲೆಯಿಲ್ಲ. ಅಲ್ಲಿರುವುದು ಕ್ಷಯನಿರೋಧಕವಾದ ಬಿ.ಸಿ.ಜಿ. ಲಸಿಕೆಯ ಚಿಕ್ಕ ಗುರುತು ಮಾತ್ರ. ಹಿರಿಯರ ತೋಳಿನಲ್ಲಿದ್ದ ಕಲೆ ಕಿರಿಯರ ತೋಳಿನಲ್ಲಿ ಇಲ್ಲವಾದುದಕ್ಕೆ ಕಾರಣ, ಆ ರೋಗವೇ ಭೂಮಿಯ ಮೇಲಿಂದ ಅಳಿದುಹೋದದ್ದು. ಮಾನವ ಪ್ರಯತ್ನದಿಂದ ಸಂಪೂರ್ಣ ನಿರ್ಮೂಲವಾದ ಮನುಷ್ಯರ ಸಾಂಕ್ರಾಮಿಕ ರೋಗ ಇದೊಂದೇ. ಈ ಜಯ ಹೇಗೆ ದೊರೆಯಿತು, ಉಳಿದ ಬಾಲರೋಗಗಳ ವಿಷಯದಲ್ಲಿ ಅದು ಕಲಿಸುವ ಪಾಠವೇನು, ಊರಿನ ಮಕ್ಕಳ ಚಿಕಿತ್ಸಾಲಯ ಮತ್ತು ಶಾಲೆಗಳ ಕರ್ತವ್ಯವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಸಿಡುಬಿನ ಇತಿಹಾಸ

1796ನೆಯ ಮೇ 14ರಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಯಲ್ಲಿ ಎದ್ದಿದ್ದ ಗೋಸಿಡುಬಿನ ಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಬಾಲಕನ ತೋಳಿಗೆ ಹಾಕಿದನು. ಬಾಲಕನಿಗೆ ಮುಂದೆ ಸಿಡುಬು ತಗುಲಲಿಲ್ಲ. ಸುಮಾರು ಆರು ವರ್ಷಗಳಲ್ಲಿ ಆ ಲಸಿಕೆ ಭಾರತವನ್ನು ತಲುಪಿತು. 1802ನೆಯ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲಕಿಗೆ ಹಾಕಿದ್ದು ಈ ದೇಶದ ಮೊದಲ ಯಶಸ್ವೀ ಲಸಿಕೆ.

ಆ ಕಾಲದಲ್ಲಿ ಮಂಜುಗಡ್ಡೆಯ ಪೆಟ್ಟಿಗೆಗಳಾಗಲಿ ಶೀತಕಗಳಾಗಲಿ ಇರಲಿಲ್ಲ. ಉಷ್ಣದೇಶದ ಬಿಸಿಲಿನಲ್ಲಿ ಲಸಿಕೆಯ ರಸ ಕೆಲವೇ ದಿನಗಳಲ್ಲಿ ನಿಸ್ಸಾರವಾಗುತ್ತಿತ್ತು. ಆದುದರಿಂದ ಒಂದು ಮಗುವಿಗೆ ಲಸಿಕೆ ಹಾಕಿ, ಸುಮಾರು ಎಂಟು ದಿನಗಳ ತರುವಾಯ ಅದರ ತೋಳಿನಲ್ಲೆದ್ದ ಗುಳ್ಳೆಯಿಂದ ಮತ್ತೊಂದು ಮಗುವಿಗೆ, ಅದರಿಂದ ಇನ್ನೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ದಾಟಿಸುತ್ತ ಊರಿನಿಂದ ಊರಿಗೆ ಒಯ್ಯಬೇಕಾಗಿತ್ತು. ಭಾರತದಲ್ಲಿ ಲಸಿಕೆ ಹಬ್ಬಿದ್ದು ಮಕ್ಕಳ ತೋಳುಗಳ ಮೇಲೆಯೇ ಎಂದರೆ ಅತಿಶಯೋಕ್ತಿಯಲ್ಲ. ನಡುವೆ ಒಂದು ಮಗು ತಪ್ಪಿದರೂ ಆ ಸರಪಳಿ ಕಡಿದುಹೋಗುತ್ತಿತ್ತು.

ಈ ಕಥೆಯಲ್ಲಿ ಮೈಸೂರಿಗೂ ಒಂದು ಸ್ಥಾನವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ, ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದ ದಿನಗಳಲ್ಲಿ, ಥಾಮಸ್ ಹಿಕಿ ಎಂಬ ಕಲಾವಿದ ಸುಮಾರು 1805ರಲ್ಲಿ ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದಿದೆ. ಅದರಲ್ಲಿರುವವರು ಮೈಸೂರಿನ ರಾಣಿಯರೆಂದೂ, ಅವರಲ್ಲಿ ಒಬ್ಬರು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ತಾವು ಲಸಿಕೆ ಹಾಕಿಸಿಕೊಂಡುದನ್ನು ಪ್ರಜೆಗಳಿಗೆ ತಿಳಿಸಿ ಧೈರ್ಯ ತುಂಬುವುದಕ್ಕೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಹೊಸ ಔಷಧವನ್ನು ಜನ ನಂಬಬೇಕಾದರೆ ಜನರ ಆದರಕ್ಕೆ ಪಾತ್ರರಾದವರು ಮೊದಲು ಮುಂದೆ ಬರಬೇಕೆಂಬ ವಿವೇಕ ಇದರಲ್ಲಿ ಅಡಗಿದೆ.

ಆದರೂ ಸಿಡುಬು ನಿರ್ಮೂಲವಾಗಲು ಮತ್ತೆ ಒಂದೂಮುಕ್ಕಾಲು ಶತಮಾನ ಬೇಕಾಯಿತು. 1967ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೀವ್ರಗೊಳಿಸಿದ ಆಂದೋಲನದಲ್ಲಿ ಕಾರ್ಯಕರ್ತರು ರೋಗದ ಚಿತ್ರವಿದ್ದ ಕಾರ್ಡುಗಳನ್ನು ಹಿಡಿದು ಮನೆಮನೆಗೆ ಹೋದರು; ಸಂತೆಗಳಲ್ಲಿ ವಿಚಾರಿಸಿದರು; ಶಾಲೆಗಳಿಗೆ ಹೋಗಿ ಮಕ್ಕಳನ್ನು ಕೇಳಿದರು. ರೋಗಿ ಸಿಕ್ಕಲ್ಲಿ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ಸೋಂಕಿಗೆ ಬೇಲಿ ಕಟ್ಟಿದರು. ಭಾರತದ ಕೊನೆಯ ಸಿಡುಬಿನ ಪ್ರಕರಣ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು.

ಲಸಿಕೆ ಮೈಯಲ್ಲಿ ಮಾಡುವ ಕೆಲಸ

ರೋಗಾಣುವಿನ ದುರ್ಬಲಗೊಳಿಸಿದ ರೂಪವನ್ನೋ, ಸತ್ತ ರೂಪವನ್ನೋ, ಅದರ ಒಂದು ಅಂಶವನ್ನೋ ಶರೀರಕ್ಕೆ ಪರಿಚಯಿಸುವುದೇ ಲಸಿಕೆಯ ತತ್ತ್ವ. ಶರೀರವು ಅದನ್ನು ಶತ್ರುವೆಂದು ಗುರುತಿಸಿ ಪ್ರತಿಕಾಯಗಳನ್ನು ನಿರ್ಮಿಸುತ್ತದೆ ಮತ್ತು ಆ ಗುರುತನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದೊಂದು ದಿನ ನಿಜವಾದ ರೋಗಾಣು ಬಂದಾಗ, ಅದು ಬೇರೂರುವ ಮುನ್ನವೇ ಎದುರಿಸುವ ಸಿದ್ಧತೆ ಇರುತ್ತದೆ. ಕಲಿತ ಪಾಠವನ್ನು ಮತ್ತೆ ಮತ್ತೆ ಒಪ್ಪಿಸಿದರೆ ಹೇಗೆ ನೆನಪು ಗಟ್ಟಿಯಾಗುವುದೋ ಹಾಗೆಯೇ ಕೆಲವು ಲಸಿಕೆಗಳನ್ನು ಪುನಃ ಪುನಃ ಕೊಡಬೇಕಾಗುತ್ತದೆ.

ದಡಾರದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಶಿಶುವಿನ ಮೈಯಲ್ಲಿ ಕೆಲವು ತಿಂಗಳು ಉಳಿದು ಲಸಿಕೆಯ ಕೆಲಸಕ್ಕೆ ಅಡ್ಡಿಯಾಗುವುದರಿಂದ ದಡಾರ–ರುಬೆಲ್ಲಾ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದ ಮೇಲೆ ಕೊಡಲಾಗುತ್ತದೆ. ಆ ವಯಸ್ಸಿನಲ್ಲಿ ಕೊಟ್ಟ ಮೊದಲ ಲಸಿಕೆಯಿಂದ ನೂರಕ್ಕೆ ಸುಮಾರು 85 ಮಕ್ಕಳಿಗೆ ರಕ್ಷಣೆ ದೊರೆಯುತ್ತದೆ. 400 ಮಕ್ಕಳಿರುವ ಒಂದು ಶಾಲೆಯಲ್ಲಿ ಎಲ್ಲರೂ ಮೊದಲ ಲಸಿಕೆಯನ್ನು ಮಾತ್ರ ಪಡೆದಿದ್ದಾರೆಂದು ಭಾವಿಸಿದರೆ, ಸುಮಾರು 60 ಮಕ್ಕಳು ರಕ್ಷಣೆಯಿಲ್ಲದೆ ಉಳಿಯುತ್ತಾರೆ. 16ರಿಂದ 24 ತಿಂಗಳೊಳಗೆ ಕೊಡುವ ಎರಡನೆಯ ಲಸಿಕೆಯು ಹೀಗೆ ಉಳಿದವರಲ್ಲಿ ಬಹುಪಾಲು ಮಕ್ಕಳನ್ನು ರಕ್ಷಿಸುತ್ತದೆ. ಒಂದು ಸಲ ಹಾಕಿಸಿದ ಮೇಲೆ ಮತ್ತೊಂದು ಏಕೆ ಎಂದು ಕೇಳುವ ಪೋಷಕರಿಗೆ ಈ ಲೆಕ್ಕವೇ ಉತ್ತರ.

ದಡಾರವು ಅತ್ಯಂತ ವೇಗವಾಗಿ ಹರಡುವ ರೋಗಗಳಲ್ಲೊಂದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ತಗಲಬಲ್ಲದು. ರೋಗಿ ಕೋಣೆಯಿಂದ ಹೊರಟ ಮೇಲೂ ಎರಡು ಗಂಟೆಗಳವರೆಗೆ ವೈರಾಣು ಗಾಳಿಯಲ್ಲಿ ಉಳಿಯಬಹುದು. ಇದನ್ನು ತಡೆಯಬೇಕಾದರೆ ಸಮುದಾಯದಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ರಕ್ಷಣೆ ಇರಬೇಕು. ಹಾಗಿದ್ದಾಗ ರೋಗಾಣುವಿಗೆ ದಾರಿ ಸಿಕ್ಕದೆ, ಲಸಿಕೆ ಪಡೆಯಲಾಗದವರೂ ಉಳಿದುಕೊಳ್ಳುತ್ತಾರೆ. ಒಂಬತ್ತು ತಿಂಗಳು ತುಂಬದ ಹಸುಳೆ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಬಾಲಕ, ಇವರಿಗೆ ಈ ಲಸಿಕೆ ಕೊಡುವಂತಿಲ್ಲ. ಇವರ ಪ್ರಾಣ ನೆರೆಮನೆಯ ಮಕ್ಕಳ ಲಸಿಕೆಯನ್ನು ಅವಲಂಬಿಸಿದೆ. ರುಬೆಲ್ಲಾ ರೋಗ ಮಕ್ಕಳಲ್ಲಿ ಸೌಮ್ಯವಾದರೂ, ಬಸಿರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗುಲಿದರೆ ಹುಟ್ಟುವ ಮಗು ಕುರುಡೋ ಕಿವುಡೋ ಆಗಬಹುದು, ಹೃದಯದೋಷದಿಂದ ನರಳಬಹುದು. ಆದುದರಿಂದ ಲಸಿಕೆಯನ್ನು ಒಂದು ಮನೆಯ ಸ್ವಂತ ವಿಷಯವೆಂದು ಎಣಿಸುವುದು ಸರಿಯಲ್ಲ.

ಕಾಲಕ್ಕೆ ತಕ್ಕ ಲಸಿಕೆ

ಭಾರತದಲ್ಲಿ 1978ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವೂ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೂ ಆರಂಭವಾದುವು. ಇದರಂತೆ ಸರ್ಕಾರಿ ಕೇಂದ್ರಗಳಲ್ಲಿ ಲಸಿಕೆಗಳು ಉಚಿತ. ಮಗು ಹುಟ್ಟಿದೊಡನೆ ಬಿ.ಸಿ.ಜಿ., ಪೋಲಿಯೋ ಹನಿ ಮತ್ತು 24 ಗಂಟೆಗಳೊಳಗೆ ಹೆಪಟೈಟಿಸ್ ಬಿ. 6, 10 ಮತ್ತು 14ನೆಯ ವಾರಗಳಲ್ಲಿ ಪೋಲಿಯೋ ಹನಿ, ರೋಟಾ ಹನಿ ಹಾಗೂ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳ ವಿರುದ್ಧದ ಪೆಂಟಾವಲೆಂಟ್. ಇವುಗಳೊಂದಿಗೆ ಗೊತ್ತುಪಡಿಸಿದ ವಾರಗಳಲ್ಲಿ ಪೋಲಿಯೋ ಚುಚ್ಚುಮದ್ದು ಮತ್ತು ನ್ಯುಮೋನಿಯಾ ನಿರೋಧಕ ಲಸಿಕೆ. ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಮತ್ತು ಎ ಅನ್ನಾಂಗ. ರೋಗದ ಹಾವಳಿಯಿರುವ ಜಿಲ್ಲೆಗಳಲ್ಲಿ ಜಪಾನಿ ಮಿದುಳುಜ್ವರದ ಲಸಿಕೆಯೂ ಸೇರುತ್ತದೆ.

ಇಲ್ಲಿಯವರೆಗಿನವನ್ನು ತಾಯಂದಿರು ಬಹುಮಟ್ಟಿಗೆ ಮರೆಯುವುದಿಲ್ಲ. ಮರೆಯುವುದು ಮುಂದಿನವನ್ನು. 16ರಿಂದ 24 ತಿಂಗಳಲ್ಲಿ ಒಮ್ಮೆ, 5–6 ವರ್ಷದಲ್ಲಿ ಮತ್ತೊಮ್ಮೆ ತ್ರಿರೋಗ ಲಸಿಕೆಯ ವರ್ಧಕ ಪ್ರಮಾಣವನ್ನೂ, 10 ಮತ್ತು 16ನೆಯ ವಯಸ್ಸಿನಲ್ಲಿ ಧನುರ್ವಾಯು–ಗಂಟಲುಮಾರಿಯ ಟಿ.ಡಿ. ಲಸಿಕೆಯನ್ನೂ ಕೊಡಿಸಬೇಕು. ಶೈಶವದಲ್ಲಿ ಪಡೆದ ರಕ್ಷಣೆ ಕಾಲಕ್ರಮದಲ್ಲಿ ಕುಂದುವುದೇ ಇದಕ್ಕೆ ಕಾರಣ. ಗಂಟಲುಮಾರಿಯು ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ ಉಸಿರಾಟಕ್ಕೆ ತಡೆಯೊಡ್ಡುತ್ತದೆ. ಅದರ ವಿಷ ಹೃದಯವನ್ನೂ ನರಗಳನ್ನೂ ಕೆಡಿಸುತ್ತದೆ. ಹಿಂದೆ ಹೆಚ್ಚಾಗಿ ಎಳೆಯ ಮಕ್ಕಳನ್ನು ಕಾಡುತ್ತಿದ್ದ ಈ ರೋಗ, ವರ್ಧಕ ಪ್ರಮಾಣ ತಪ್ಪಿಸಿಕೊಂಡ ಶಾಲಾ ವಯಸ್ಸಿನ ಮಕ್ಕಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿರುವುದು ಶಿಕ್ಷಕರು ಗಮನಿಸಬೇಕಾದ ಸಂಗತಿ.

ಊರಿನ ಮಕ್ಕಳ ಚಿಕಿತ್ಸಾಲಯ

ಲಸಿಕೆಯ ಯೋಜನೆ ರಾಜಧಾನಿಯಲ್ಲಿ ರೂಪುಗೊಂಡರೂ ಅದು ಸಫಲವಾಗುವುದು ತಾಲ್ಲೂಕಿನ ಮಕ್ಕಳ ವೈದ್ಯರ ಕೊಠಡಿಯಲ್ಲಿ, ಹಳ್ಳಿಯ ಉಪಕೇಂದ್ರದಲ್ಲಿ, ಅಂಗನವಾಡಿಯ ಜಗಲಿಯ ಮೇಲೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಯಬೇಕು. ಬಿಸಿ ತಗುಲಿದರೆ ಪೋಲಿಯೋ ಹನಿ ಕೆಡುತ್ತದೆ. ಹೆಪ್ಪುಗಟ್ಟಿದರೆ ಪೆಂಟಾವಲೆಂಟ್ ಕೆಡುತ್ತದೆ. ಶೀಶೆಯ ಮೇಲಿನ ಗುರುತಿನಲ್ಲಿ ಒಳಗಿನ ಚೌಕವು ಹೊರಗಿನ ವೃತ್ತದಷ್ಟು ಕಪ್ಪಾಗಿದ್ದರೆ ಅದನ್ನು ಬಳಸುವಂತಿಲ್ಲ. ಕಲಸಿದ ದಡಾರ ಲಸಿಕೆಯನ್ನು ನಾಲ್ಕು ಗಂಟೆಗಳೊಳಗೆ ಮುಗಿಸಬೇಕು, ಉಳಿದುದನ್ನು ಚೆಲ್ಲಬೇಕು. ವಿದ್ಯುತ್ತು ಕೈಕೊಟ್ಟ ರಾತ್ರಿಯಲ್ಲಿ ಶೀತಕದ ಉಷ್ಣಮಾಪಕವನ್ನು ನೋಡುವವರಿದ್ದಾರೆಯೇ ಎಂಬುದರ ಮೇಲೆ ಮರುದಿನ ಬರುವ ಮಕ್ಕಳ ರಕ್ಷಣೆ ನಿಂತಿರುತ್ತದೆ.

ಉತ್ತಮ ಚಿಕಿತ್ಸಾಲಯದಲ್ಲಿ ಲಸಿಕೆಗೆ ಬಂದ ಶಿಶುವನ್ನು ಜ್ವರ ಕೆಮ್ಮುಗಳ ರೋಗಿಗಳಿಂದ ಬೇರೆಯಾಗಿ ಕೂರಿಸುತ್ತಾರೆ. ತೂಕ ನೋಡಿ ಬರೆಯುತ್ತಾರೆ. ಚುಚ್ಚಿದ ಮೇಲೆ ಅರ್ಧ ಗಂಟೆ ಕಾಯಲು ಹೇಳುತ್ತಾರೆ. ಮುಂದಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಗುರುತಿಸಿ ಬಾಯಿಮಾತಿನಲ್ಲಿಯೂ ತಿಳಿಸುತ್ತಾರೆ. ಖಾಸಗಿ ಚಿಕಿತ್ಸಾಲಯದಲ್ಲಿ ಸರ್ಕಾರದ ಪಟ್ಟಿಯಲ್ಲಿಲ್ಲದ ಕೆಲವು ಲಸಿಕೆಗಳೂ ಹಣಕ್ಕೆ ದೊರೆಯುತ್ತವೆ. ಮುಖ್ಯ ಲಸಿಕೆಗಳು ಸರ್ಕಾರಿ ಕೇಂದ್ರದಲ್ಲಿ ಉಚಿತವೆಂದು ಬಡ ಪೋಷಕರಿಗೆ ಹೇಳಿ ಕಳುಹಿಸುವ ವೈದ್ಯರು ತಮ್ಮ ವೃತ್ತಿಗೆ ಗೌರವ ತರುತ್ತಾರೆ.

ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಊರೂರು ಅಲೆಯುವ ಕುಟುಂಬಗಳ ಮಕ್ಕಳು ಎರಡೂ ಕಡೆಯ ದಾಖಲೆಗಳಿಂದ ಜಾರಿಹೋಗುತ್ತಾರೆ. ಇಂಥ ಮಕ್ಕಳನ್ನು ಹುಡುಕುವುದಕ್ಕಾಗಿ 2014ರ ಡಿಸೆಂಬರಿನಲ್ಲಿ ಇಂದ್ರಧನುಷ್ ಅಭಿಯಾನ ಆರಂಭವಾಯಿತು. ಯಾವ ಊರಿನ ಮಗುವಾದರೂ ಯಾವ ಸರ್ಕಾರಿ ಕೇಂದ್ರದಲ್ಲಿಯಾದರೂ ಲಸಿಕೆ ಪಡೆಯಬಹುದೆಂಬುದನ್ನು ಇವರಿಗೆ ತಿಳಿಸಬೇಕು. ಹಾಡಿ, ತಾಂಡಾ, ಗುಡಿಸಲುಗಳ ಬಾಗಿಲಿಗೆ ನಡೆದು ಹೋಗುವ ಆಶಾ ಕಾರ್ಯಕರ್ತೆಯರ ಶ್ರಮ ಇಲ್ಲಿ ಸ್ಮರಣೀಯ.

ಸಂದೇಹಗಳು ಮತ್ತು ಸಮಾಧಾನ

ಪೋಷಕರ ಭಯವನ್ನು ಹಳಿಯುವುದು ವಿವೇಕವಲ್ಲ. ಮಗುವಿನ ಮೇಲಿನ ಪ್ರೀತಿಯೇ ಆ ಭಯದ ಮೂಲ. ಲಸಿಕೆಯ ತರುವಾಯ ಒಂದೆರಡು ದಿನ ಜ್ವರ, ಚುಚ್ಚಿದಲ್ಲಿ ಬಾವು ಬರುವುದು ಸಾಮಾನ್ಯ. ತೀವ್ರ ಒಗ್ಗದಿಕೆಯಾಗುವುದು ಬಹು ವಿರಳ. ಅದು ಕಾಣಿಸಿದರೆ ಉಪಚರಿಸುವುದಕ್ಕಾಗಿಯೇ ಅರ್ಧ ಗಂಟೆಯ ಕಾಯುವಿಕೆ. ಸಣ್ಣ ನೆಗಡಿಯಿದ್ದರೆ ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಒಂದು ಪ್ರಮಾಣ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರ ಲಸಿಕೆಯಿಂದ ಆಟಿಸಂ ಉಂಟಾಗುತ್ತದೆಂಬ ಶಂಕೆಯನ್ನು ಹುಟ್ಟಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಮೈಮೇಲೆ ಗುಳ್ಳೆ ಎದ್ದಾಗ ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟುವ ಮನೆಗಳಲ್ಲಿ ಆ ನಂಬಿಕೆಯನ್ನು ನೋಯಿಸದೆಯೇ ಮಗುವನ್ನು ವೈದ್ಯರಿಗೆ ತೋರಿಸುವಂತೆ ಒಪ್ಪಿಸಬಹುದು.

ಶಾಲೆಯ ಪಾಲು

1995ರಲ್ಲಿ ಆರಂಭವಾದ ಪಲ್ಸ್ ಪೋಲಿಯೋ ಕಾರ್ಯದಲ್ಲಿ ಎಷ್ಟೋ ಶಾಲೆಗಳು ಹನಿ ಹಾಕುವ ಕೇಂದ್ರಗಳಾದುವು. ಮಕ್ಕಳು ಬೆಳಗಿನ ಮೆರವಣಿಗೆ ನಡೆಸಿದರು. ಶಿಕ್ಷಕರು ಭಾನುವಾರದ ವಿರಾಮವನ್ನು ಬಿಟ್ಟು ದುಡಿದರು. ಕಾಡುಪೋಲಿಯೋದ ಕೊನೆಯ ಪ್ರಕರಣ ಈ ದೇಶದಲ್ಲಿ 2011ರ ಜನವರಿಯಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣ ದೊರೆಯಿತು. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನವರಿಗೆ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಮೊಬೈಲ್ ಫೋನುಗಳಲ್ಲಿ ವದಂತಿಗಳು ಹರಿದಾಡಿದುವು. ಇಂಥ ಸಮಯದಲ್ಲಿ ಪೋಷಕರು ಮೊದಲು ವಿಚಾರಿಸುವುದು ಮಗುವಿನ ಶಿಕ್ಷಕರನ್ನೇ. ಅವರು ವಿಷಯವನ್ನು ತಿಳಿದವರಾಗಿದ್ದರೆ ಒಂದು ಊರಿನ ಭಯ ಒಂದು ಸಭೆಯಲ್ಲಿ ಕರಗಬಲ್ಲದು.

ಶಾಲೆ ಮಾಡಬಹುದಾದ ಕೆಲಸಗಳು ಸರಳವಾದುವು. ಒಂದನೆಯ ತರಗತಿಗೆ ಸೇರುವಾಗ ತಾಯಿ ಕಾರ್ಡನ್ನು ನೋಡಿ, ತಪ್ಪಿದ ಲಸಿಕೆಗಳನ್ನು ಗುರುತಿಸಿ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಕಾರ್ಡಿಲ್ಲವೆಂದು ಪ್ರವೇಶ ನಿರಾಕರಿಸದಿರುವುದು. ಐದನೆಯ ಮತ್ತು ಹತ್ತನೆಯ ತರಗತಿಗಳಲ್ಲಿ ಟಿ.ಡಿ. ಲಸಿಕೆಯ ದಿನವನ್ನು ಆರೋಗ್ಯ ಇಲಾಖೆಯೊಡನೆ ಗೊತ್ತುಮಾಡಿ ಪೋಷಕರಿಗೆ ಮುಂಚಿತವಾಗಿ ತಿಳಿಸುವುದು. ಆ ದಿನ ಗೈರುಹಾಜರಾದವರ ಪಟ್ಟಿಯನ್ನು ಇಟ್ಟುಕೊಳ್ಳುವುದು. ವಸತಿನಿಲಯವುಳ್ಳ ಶಾಲೆಗಳಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಬೇಕು. ಒಂದೇ ಕೊಠಡಿಯಲ್ಲಿ ಮಲಗಿ ಒಂದೇ ಪಂಕ್ತಿಯಲ್ಲಿ ಉಣ್ಣುವ ಮಕ್ಕಳಲ್ಲಿ ಒಬ್ಬನ ಕೊರತೆ ಎಲ್ಲರ ಅಪಾಯವಾಗುತ್ತದೆ. ಇದಕ್ಕೆ ಬೇಕಾದುದು ಒಂದು ದಾಖಲೆ ಪುಸ್ತಕ ಮತ್ತು ಹೊಣೆಯರಿತ ಒಬ್ಬ ಶಿಕ್ಷಕ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೊಮ್ಮೆ ಪೋಷಕರ ಸಭೆಗೆ ಬಂದು ಸಂದೇಹಗಳಿಗೆ ಉತ್ತರಿಸಿದರೆ, ದಾನಿಗಳು ಹತ್ತಿರದ ಉಪಕೇಂದ್ರದಲ್ಲಿ ತಾಯಂದಿರಿಗೆ ನೆರಳನ್ನೂ ಕುಡಿಯುವ ನೀರನ್ನೂ ಒದಗಿಸಿದರೆ, ಅದು ಸಾರ್ಥಕ ಸೇವೆ.

ಲಸಿಕೆಯ ಯಶಸ್ಸಿಗೆ ಒಂದು ವಿಚಿತ್ರ ಸ್ವಭಾವವಿದೆ: ಅದು ಕಣ್ಣಿಗೆ ಕಾಣುವುದಿಲ್ಲ. ಬಾರದೆ ಹೋದ ರೋಗವನ್ನು ಯಾರೂ ಎಣಿಸುವುದಿಲ್ಲ. ರೋಗ ಮರೆಯಾದಷ್ಟೂ ಅದರ ಭಯ ಮರೆಯಾಗಿ, ಲಸಿಕೆಯ ಬಗೆಗೆ ಅಸಡ್ಡೆ ಬೆಳೆಯುತ್ತದೆ. ಅಸಡ್ಡೆ ಬೆಳೆದಲ್ಲಿ ರೋಗ ಮರಳಿ ಬರುತ್ತದೆ. ಆದುದರಿಂದ ಹೊಸ ತಲೆಮಾರು ಹುಟ್ಟಿದಂತೆಲ್ಲ ಈ ಕೆಲಸವನ್ನು ಹೊಸದಾಗಿಯೇ ಮಾಡಬೇಕಾಗುತ್ತದೆ. ಅಕ್ಷರ ಕಲಿಸುವ ಕೆಲಸವೂ ಹೀಗೆಯೇ ಎಂಬುದನ್ನು ಶಿಕ್ಷಕರಿಗೆ ಬೇರೆ ಹೇಳಬೇಕಾಗಿಲ್ಲ.